ಹೊಸ್ತಿಲಲ್ಲಿ ತೂಗುವ ಶವ: ಹ್ಯಾಲೋವೀನ್ ಬಾಗಿಲಲಂಕಾರದ ಒಂದು ವಿಮರ್ಶೆ

ಅಕ್ಟೋಬರ್ ತಿಂಗಳು ಮುಗಿಯುತ್ತ ಬಂದಂತೆ ಅಮೆರಿಕ ಸಂಯುಕ್ತ ಸಂಸ್ಥಾನದ ಉಪನಗರಗಳಲ್ಲಿ ಮನೆಗಳ ಮುಂಬಾಗಿಲು ಬೇರೆಯೇ ರೂಪವನ್ನು ತಾಳುತ್ತದೆ. ಮೆಟ್ಟಿಲುಗಳ ಮೇಲೆ ಮುಖ ಕೊರೆದ ಕುಂಬಳಕಾಯಿಗಳು, ಜಗುಲಿಯ ಕಂಬಗಳಿಗೆ ಕೃತಕ ಜೇಡರಬಲೆ, ಹುಲ್ಲುಹಾಸಿನಲ್ಲಿ ಥರ್ಮೋಕೋಲಿನ ಗೋರಿಕಲ್ಲುಗಳು, ಬಾಗಿಲ ಪಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತ ಅಸ್ಥಿಪಂಜರ. ಹೋಮ್ ಡಿಪೋ ಎಂಬ ಮಾರಾಟ ಸಂಸ್ಥೆ 2020ರಲ್ಲಿ 12 ಅಡಿ ಎತ್ತರದ ಅಸ್ಥಿಪಂಜರವೊಂದನ್ನು 299 ಡಾಲರಿಗೆ ಮಾರಾಟಕ್ಕೆ ತಂದ ಮೇಲೆ ಮನೆಯ ಮಾಳಿಗೆಯವರೆಗೂ ತಲೆಯೆತ್ತಿ ನಿಲ್ಲುವ ಎಲುಬಿನ ಕಾವಲುಗಾರರು ಬೀದಿಬೀದಿಯಲ್ಲಿ ಕಾಣತೊಡಗಿದ್ದಾರೆ. ಆ ದೇಶದಲ್ಲಿ ನೆಲೆಸಿರುವ ನಮ್ಮ ಸಭೆಗಳ ಕುಟುಂಬಗಳು ತಮ್ಮ ಬಾಗಿಲಿಗೂ ಇವನ್ನು ಕಟ್ಟಬಹುದೇ ಎಂದು ಊರಿನ ಸಭಾಪಾಲಕರನ್ನು ಕೇಳುವುದುಂಟು. ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ ವಾಕ್ಯದ್ದು: ಅದು ಸೈತಾನನ ಹಬ್ಬ, ಬೇಡ. ಈ ಉತ್ತರ ನಮಗೆ ಸಾಲದೆಂದು ತೋರುತ್ತದೆ. ಸಾಲದಿರುವುದು ಅದು ಕಠಿಣವಾಗಿರುವುದರಿಂದಲ್ಲ. ಕಠಿಣವಾಗಬೇಕಾದ ಸ್ಥಳವನ್ನು ಬಿಟ್ಟು ಬೇರೆಡೆ ಕಠಿಣವಾಗಿರುವುದರಿಂದ. ಆದ್ದರಿಂದ ಈ ಅಲಂಕಾರವನ್ನು ಒಂದು ಕೃತಿಯನ್ನು ಓದುವಂತೆ ಓದಿ ನೋಡೋಣ.

ಮೊದಲು ಸೈತಾನನ ಆರೋಪ. ಹ್ಯಾಲೋವೀನ್ ಎಂಬ ಹೆಸರೇ ಸಕಲ ಸಂತರ ಹಬ್ಬದ ಹಿಂದಿನ ಸಂಜೆ ಎಂಬ ಅರ್ಥದ್ದು. ಎಂಟನೆಯ ಶತಮಾನದಲ್ಲಿ ಪೋಪ್ ಮೂರನೆಯ ಗ್ರೆಗೊರಿ ಸಂತ ಪೇತ್ರರ ದೇವಾಲಯದಲ್ಲಿ ಸಂತರ ಗೌರವಾರ್ಥವಾಗಿ ಒಂದು ಪ್ರಾರ್ಥನಾಸ್ಥಾನವನ್ನು ಪ್ರತಿಷ್ಠಿಸಿದನು. 835ರಲ್ಲಿ ನಾಲ್ಕನೆಯ ಗ್ರೆಗೊರಿಯ ಕಾಲಕ್ಕೆ ನವೆಂಬರ್ 1ರ ಆಚರಣೆ ಫ್ರಾಂಕರ ರಾಜ್ಯಕ್ಕೆ ಹರಡಿತು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕ್ಲೂನಿ ಮಠದ ಓದಿಲೋ ನವೆಂಬರ್ 2ನ್ನು ಮೃತ ವಿಶ್ವಾಸಿಗಳ ಸ್ಮರಣೆಗೆ ಮೀಸಲಿಟ್ಟನು. ಐರ್ಲೆಂಡಿನ ಸಾವಿನ್ ಎಂಬ ಋತುಹಬ್ಬದ ನೆನಪುಗಳು ಇದರೊಡನೆ ಬೆರೆತದ್ದು ನಿಜ. ಅಲ್ಲಿನ ಜನರು ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. ಅಮೆರಿಕದಲ್ಲಿ ಆ ಸ್ಥಾನವನ್ನು ಸುಲಭವಾಗಿ ಸಿಗುವ, ಸುಲಭವಾಗಿ ಕೊರೆಯಬಹುದಾದ ಕುಂಬಳಕಾಯಿ ತೆಗೆದುಕೊಂಡಿತು. ಮೂಲದಲ್ಲಿ ಅನ್ಯಧರ್ಮದ ಲೇಪವಿದೆ ಎಂಬ ಕಾರಣದಿಂದಲೇ ಒಂದು ವಸ್ತು ನಿಷಿದ್ಧವಾಗುವುದಾದರೆ ನಮ್ಮ ಕ್ಯಾಲೆಂಡರಿನಲ್ಲಿ ಎಷ್ಟು ಉಳಿದೀತು? ಮೂರ್ತಿಗೆ ನೈವೇದ್ಯ ಮಾಡಿದ ಆಹಾರದ ವಿಷಯದಲ್ಲಿ ಕೊರಿಂಥದ ಸಭೆಗೆ ಬರೆದ ಪೌಲನು ವಸ್ತುವಿನ ಹುಟ್ಟನ್ನಷ್ಟೇ ಕೆದಕುತ್ತ ಕೂರಲಿಲ್ಲ. ಅದರ ಬಳಕೆಯಿಂದ ನೆರೆಯವನಿಗೆ ಏನಾಗುತ್ತದೆಂದು ಕೇಳಿದನು. ನಮ್ಮ ವಿಮರ್ಶೆಗೂ ಅದೇ ಅಳತೆಗೋಲು. (1970ರ ದಶಕದಿಂದೀಚೆಗೆ ಅಮೆರಿಕದ ಕೆಲವು ಇವಾಂಜೆಲಿಕಲ್ ಸಭೆಗಳು ಇದೇ ದಿನಗಳಲ್ಲಿ ‘ನರಕದ ಮನೆ’ಗಳನ್ನು ಕಟ್ಟಿ, ರಕ್ತ ಮತ್ತು ಬೆಂಕಿಯ ದೃಶ್ಯಗಳಿಂದ ಯುವಜನರನ್ನು ಹೆದರಿಸಿ ಮಾನಸಾಂತರಕ್ಕೆ ಕರೆಯುತ್ತ ಬಂದಿವೆ. ಭಯದ ವ್ಯಾಪಾರ ಬಾಗಿಲಿನ ಒಂದೇ ಕಡೆಯಲ್ಲಿಲ್ಲ.)

ಇನ್ನು ಬಾಗಿಲು. ಸತ್ಯವೇದದಲ್ಲಿ ಬಾಗಿಲಿನ ಕಂಬಗಳು ಮಾತಾಡುವ ಕಂಬಗಳು. ಐಗುಪ್ತದ ಕೊನೆಯ ರಾತ್ರಿಯಲ್ಲಿ ಅವು ಕುರಿಮರಿಯ ರಕ್ತದಿಂದ ಮಾತಾಡಿದವು. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ದೇವರ ಮಾತುಗಳನ್ನೇ ಅವುಗಳ ಮೇಲೆ ಬರೆಯಬೇಕೆಂಬ ಅಪ್ಪಣೆಯಿದೆ. ಬಾಗಿಲಿಗೆ ಏನನ್ನು ಕಟ್ಟಿದರೂ ಅದು ಬೀದಿಯಲ್ಲಿ ಹೋಗುವವರಿಗೆ ಬರೆದ ಪತ್ರ. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ನಮ್ಮ ಕರ್ನಾಟಕದ ಅನೇಕ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅದು ದೆವ್ವವನ್ನು ದೂರ ಕಳುಹಿಸುವ ಪತ್ರವಾಗಿತ್ತು. ಅಮೆರಿಕದ ಬಾಗಿಲು ಇದಕ್ಕೆ ವಿರುದ್ಧವಾಗಿ, ದೆವ್ವದ ವೇಷ ತೊಟ್ಟ ಮಗುವಿಗೆ ‘ಇಂದೇ ಬಾ’ ಎನ್ನುತ್ತದೆ. ದೀಪ ಹೊತ್ತಿಸಿದ ಕುಂಬಳಕಾಯಿಯ ಅರ್ಥ ಇಷ್ಟೇ: ಈ ಮನೆಯ ಬಾಗಿಲನ್ನು ತಟ್ಟಬಹುದು. ನೆರೆಯವರ ಹೆಸರನ್ನೂ ಅರಿಯದೆ ಕಾರಿನಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಒಳಕೋಣೆಗೆ ಸರಿದುಹೋಗುವ ಜೀವನಕ್ರಮದಲ್ಲಿ ವರ್ಷಕ್ಕೊಂದು ಸಂಜೆಯಾದರೂ ಅಪರಿಚಿತರ ಮಕ್ಕಳಿಗೆ ಬಾಗಿಲು ತೆರೆಯುವುದನ್ನು ನಾವು ಹಗುರವಾಗಿ ಕಾಣಲಾರೆವು. ಈಚಿನ ವರ್ಷಗಳಲ್ಲಿ ಕೆಲವು ಮನೆಗಳ ಮುಂದೆ ಹಸಿರುನೀಲಿ ಬಣ್ಣದ ಕುಂಬಳಕಾಯಿ ಕಾಣುತ್ತದೆ. ಕಡಲೆಕಾಯಿ, ಹಾಲು ಮುಂತಾದವುಗಳ ಅಲರ್ಜಿಯುಳ್ಳ ಮಗುವಿಗೆ ಇಲ್ಲಿ ತಿಂಡಿಗೆ ಬದಲು ಆಟಿಕೆ ದೊರೆಯುತ್ತದೆ ಎಂಬುದು ಅದರ ಗುರುತು. ಅತಿಥಿಸತ್ಕಾರದ ಬಗ್ಗೆ ಇಷ್ಟು ಸೂಕ್ಷ್ಮವಾದ ಗುರುತನ್ನು ನಮ್ಮ ಎಷ್ಟು ದೇವಾಲಯಗಳ ಬಾಗಿಲಲ್ಲಿ ಇಟ್ಟಿದ್ದೇವೆ? ಅನೇಕ ಸಭೆಗಳು ಹಬ್ಬಕ್ಕೆ ಪರ್ಯಾಯವೆಂದು ತಮ್ಮ ವಾಹನ ನಿಲ್ದಾಣದಲ್ಲಿ ಕಾರುಗಳ ಹಿಂಬದಿಯನ್ನು ಅಲಂಕರಿಸಿ ಅಲ್ಲಿಂದಲೇ ಮಿಠಾಯಿ ಹಂಚುತ್ತವೆ. ಸುರಕ್ಷಿತವಾದ ಏರ್ಪಾಡೇ ಸರಿ. ಆದರೆ ಅಲ್ಲಿ ತಟ್ಟಲು ಬಾಗಿಲೇ ಇಲ್ಲ.

ಅಸ್ಥಿಪಂಜರದ ವಿಷಯದಲ್ಲೂ ನಮ್ಮ ತಕರಾರು ಚಿಕ್ಕದು. ಮಧ್ಯಯುಗದ ಕೊನೆಯಲ್ಲಿ ಯುರೋಪಿನ ದೇವಾಲಯಗಳ ಮತ್ತು ಸ್ಮಶಾನಗಳ ಗೋಡೆಗಳ ಮೇಲೆ ಮೃತ್ಯುನೃತ್ಯದ ಚಿತ್ರಗಳು ಇದ್ದವು. ಪೋಪನ ಕೈಯನ್ನೂ ರೈತನ ಕೈಯನ್ನೂ ಒಂದೇ ಎಲುಬಿನ ಕೈ ಹಿಡಿದು ಕುಣಿಸುತ್ತಿತ್ತು. ಎಲುಬಿಗೆ ಮುಖವಿಲ್ಲ, ಬಣ್ಣವಿಲ್ಲ, ಜಾತಿಯಿಲ್ಲ. ಅದು ಎಲ್ಲರ ಸಾವು, ಆದ್ದರಿಂದ ನೋಡುವವನ ಸಾವೂ ಹೌದು. ಕುರ್ಚಿಯಲ್ಲಿ ಕುಳಿತು ಕೈಬೀಸುವ ಪ್ಲಾಸ್ಟಿಕ್ ಎಲುಬುಗೂಡಿನ ವಿನೋದದಲ್ಲಿ, ಅದನ್ನು ಮಾಡಿದವರಿಗೆ ಅರಿವಿಲ್ಲದಿದ್ದರೂ, ಮರಣದ ಕೊಂಡಿ ಮುರಿದುಹೋಗಿದೆ ಎಂಬ ನಂಬಿಕೆಯ ಒಂದು ಎಳೆ ಇನ್ನೂ ಉಳಿದಿದೆ ಎನ್ನಲು ನಮಗೆ ಅಂಜಿಕೆಯಿಲ್ಲ.

ಆದರೆ ಅದೇ ಬೀದಿಯಲ್ಲಿ ಇನ್ನೊಂದು ಆಕೃತಿಯೂ ಇರುತ್ತದೆ. ಜಗುಲಿಯ ತೊಲೆಯಿಂದಲೋ ಅಂಗಳದ ಮರದ ಕೊಂಬೆಯಿಂದಲೋ ಕೊರಳಿಗೆ ಹಗ್ಗ ಬಿಗಿದು ತೂಗುಬಿಟ್ಟ ಬಟ್ಟೆಯ ಅಥವಾ ರಬ್ಬರಿನ ಶವ. ಇದು ಎಲ್ಲರ ಸಾವಲ್ಲ. ಯಾರೋ ಕೆಲವರಿಗೆ ಬೇರೆ ಕೆಲವರು ಮಾಡಿದ ಸಾವು. ಅಮೆರಿಕದ ಮಣ್ಣಿನಲ್ಲಿ ಈ ಆಕೃತಿಗೆ ನಿರ್ದಿಷ್ಟವಾದ ಚರಿತ್ರೆಯಿದೆ. 1877ರಿಂದ 1950ರವರೆಗೆ ಗುಂಪುಹತ್ಯೆಗೆ ಬಲಿಯಾದ ಕಪ್ಪು ಜನರ 4,400ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿವೆ. ಅನೇಕ ಕಡೆ ಮರಕ್ಕೆ ನೇತುಹಾಕಿದ ದೇಹದ ಕೆಳಗೆ ಜನ ನಿಂತು ಛಾಯಾಚಿತ್ರ ತೆಗೆಸಿಕೊಂಡರು. ಆ ಚಿತ್ರಗಳು ಅಂಚೆಕಾರ್ಡುಗಳಾಗಿ ಮಾರಾಟವಾದವು. ಜೇಮ್ಸ್ ಕೋನ್ 2011ರಲ್ಲಿ ಪ್ರಕಟಿಸಿದ ಶಿಲುಬೆ ಮತ್ತು ಗಲ್ಲುಮರವನ್ನು ಕುರಿತ ಗ್ರಂಥದಲ್ಲಿ ಬಿಳಿಯ ದೇವತಾಶಾಸ್ತ್ರಜ್ಞರನ್ನು ಕೇಳಿದ ಪ್ರಶ್ನೆ ಇದೇ: ಪ್ರತಿ ಭಾನುವಾರ ಶಿಲುಬೆಯನ್ನು ನೋಡುತ್ತಿದ್ದ ನಿಮಗೆ ಹೊರಗಿನ ಮರ ಏಕೆ ಕಾಣಲಿಲ್ಲ? ರೈನ್‌ಹೋಲ್ಡ್ ನೀಬೂರರಂಥ ಹರಿತವಾದ ಕಣ್ಣಿಗೂ ಅದು ಕಾಣಲಿಲ್ಲವೆಂದು ಕೋನ್ ನೊಂದು ಬರೆಯುತ್ತಾರೆ.

ತೂಗುವ ರೂಪವೇ ಇಲ್ಲಿ ಅಪರಾಧವಲ್ಲ ಎಂಬುದನ್ನು ಅಲಬಾಮ ರಾಜ್ಯದ ಮಾಂಟ್‌ಗಮರಿಯಲ್ಲಿ ಕಾಣಬಹುದು. ಅಲ್ಲಿ 2018ರಲ್ಲಿ ತೆರೆದ ಸ್ಮಾರಕದಲ್ಲಿ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಹತ್ಯೆ ನಡೆದ ಒಂದೊಂದು ಕೌಂಟಿಗೆ ಒಂದೊಂದು. ಅವುಗಳ ಮೇಲೆ ಹತರಾದವರ ಹೆಸರುಗಳನ್ನು ಕೊರೆದಿದ್ದಾರೆ. ಒಳಹೊಕ್ಕಾಗ ಕಂಬಗಳು ಕಣ್ಣಿನ ಮಟ್ಟದಲ್ಲಿರುತ್ತವೆ. ನಡೆದಂತೆ ನೆಲ ಇಳಿಯುತ್ತದೆ. ಕಂಬಗಳು ಮಾತ್ರ ಮೇಲೆಯೇ ಉಳಿದು, ಕೊನೆಗೆ ನೋಡುವವನ ತಲೆಯ ಮೇಲೆ ತೂಗುತ್ತವೆ. ಜಗುಲಿಯ ಬೊಂಬೆಯೂ ಈ ಕಂಬವೂ ಒಂದೇ ಭಂಗಿಯಲ್ಲಿವೆ. ಒಂದಕ್ಕೆ ಹೆಸರುಂಟು, ಇನ್ನೊಂದಕ್ಕಿಲ್ಲ. ಒಂದು ನಮ್ಮನ್ನು ನಿಲ್ಲಿಸುತ್ತದೆ. ಇನ್ನೊಂದನ್ನು ದಾಟಿ ಮಿಠಾಯಿಯ ಕಡೆಗೆ ಹೋಗುತ್ತೇವೆ.

ಧರ್ಮೋಪದೇಶಕಾಂಡದ ಇಪ್ಪತ್ತೊಂದನೆಯ ಅಧ್ಯಾಯದ ಕೊನೆಯ ಎರಡು ವಚನಗಳನ್ನು ನಾವು ಸಾಮಾನ್ಯವಾಗಿ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯಕ್ಕೆ ಪೀಠಿಕೆಯಾಗಿ ಮಾತ್ರ ಓದುತ್ತೇವೆ. ಅಲ್ಲಿರುವ ಅಪ್ಪಣೆ ಸರಳ: ಮರಕ್ಕೆ ತೂಗುಹಾಕಿದ ದೇಹ ರಾತ್ರಿಯಿಡೀ ಅಲ್ಲಿರಬಾರದು, ಅದೇ ದಿನ ಹೂಣಿಡಬೇಕು. ಅವನು ಮರಣದಂಡನೆಗೆ ಅರ್ಹನಾದ ಅಪರಾಧಿಯೇ ಆಗಿದ್ದರೂ ಸರಿ. ಆಯಿಯ ಅರಸನನ್ನು ಗೆದ್ದ ಯೆಹೋಶುವನು ಕೂಡ ಸೂರ್ಯಾಸ್ತವಾದಾಗ ಅವನ ಶವವನ್ನು ಕೆಳಗಿಳಿಸಿದನು. ಈ ಅಪ್ಪಣೆ ಮೀರಿದ ಕಡೆ ಏನಾಗುತ್ತದೆಂಬುದಕ್ಕೆ ರಿಚ್ಪಳಿದ್ದಾಳೆ. ಸೌಲನ ಮನೆತನದ ಏಳು ಮಂದಿಯನ್ನು ಗುಡ್ಡದ ಮೇಲೆ ತೂಗುಹಾಕಿ ಹಾಗೆಯೇ ಬಿಟ್ಟಾಗ, ಅವರಲ್ಲಿಬ್ಬರ ತಾಯಿಯಾದ ಆಕೆ ಬಂಡೆಯ ಮೇಲೆ ಗೋಣಿತಟ್ಟು ಹಾಸಿ, ಸುಗ್ಗಿಯ ಆರಂಭದಿಂದ ಮಳೆ ಬೀಳುವವರೆಗೆ ಹಗಲಲ್ಲಿ ಪಕ್ಷಿಗಳನ್ನೂ ಇರುಳಲ್ಲಿ ಮೃಗಗಳನ್ನೂ ಓಡಿಸುತ್ತ ಕುಳಿತಳು. ದಾವೀದನಿಗೆ ಆ ಸುದ್ದಿ ಮುಟ್ಟಿದ ಮೇಲೆಯೇ ಎಲುಬುಗಳಿಗೆ ಸಮಾಧಿ ದೊರೆಯಿತು. ತಿಂಗಳೊಪ್ಪತ್ತು ತೂಗಿಸಲಿಕ್ಕೆಂದೇ ಅಂಗಡಿಯಿಂದ ತಂದ ಶವದ ಕೆಳಗೆ ಕೂರಲು ರಿಚ್ಪಳಿಲ್ಲ. ಅದಕ್ಕೆ ತಾಯಿಯಿಲ್ಲವೆಂಬ ಭಾವನೆಯ ಮೇಲೆಯೇ ಅದರ ತಮಾಷೆ ನಿಂತಿದೆ.

ಬೊಂಬೆ ಬೊಂಬೆಯೇ, ಮಕ್ಕಳ ಆಟ, ಇದಕ್ಕೆ ಧರ್ಮಶಾಸ್ತ್ರವೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ಎರಡು ಘಟನೆಗಳನ್ನು ನೆನಪಿಸಬೇಕು. 2005ರ ಅಕ್ಟೋಬರಿನಲ್ಲಿ ಡೆಲವೇರ್ ರಾಜ್ಯದ ಫ್ರೆಡರಿಕಾ ಎಂಬಲ್ಲಿ ಪ್ರಾಣ ಕಳೆದುಕೊಂಡ ಸ್ತ್ರೀಯೊಬ್ಬಳ ದೇಹ ರಸ್ತೆಯ ಬದಿಯ ಮರದಲ್ಲಿ ಗಂಟೆಗಟ್ಟಲೆ ಇತ್ತು. ನೆರೆಯವರೂ ದಾರಿಹೋಕರೂ ಅದನ್ನು ಹಬ್ಬದ ಅಲಂಕಾರವೆಂದು ತಿಳಿದರು. 2009ರಲ್ಲಿ ಕ್ಯಾಲಿಫೋರ್ನಿಯದ ಮರೀನಾ ಡೆಲ್ ರೇಯಲ್ಲಿ ತನ್ನ ಮನೆಯ ಬಾಲ್ಕನಿಯಲ್ಲೇ ಸತ್ತುಬಿದ್ದಿದ್ದ ಒಬ್ಬನನ್ನು ಅಕ್ಕಪಕ್ಕದವರು ದಿನಗಟ್ಟಲೆ ಹಾಗೆಯೇ ಭಾವಿಸಿದರು. ಆ ನೆರೆಯವರನ್ನು ಕ್ರೂರಿಗಳೆನ್ನಲು ನಮಗೆ ಅಧಿಕಾರವಿಲ್ಲ. ಅವರು ಕಣ್ಣನ್ನು ಹೇಗೆ ಪಳಗಿಸಿದ್ದರೋ ಹಾಗೆ ಕಂಡರು. ಲೂಕನ ಹದಿನಾರನೆಯ ಅಧ್ಯಾಯದ ಐಶ್ವರ್ಯವಂತನ ಮೇಲೂ ಕಣ್ಣಿಲ್ಲದವನೆಂಬ ಆರೋಪವಿಲ್ಲ. ಹುಣ್ಣು ತುಂಬಿದ ಲಾಜರನು ಅವನ ಬಾಗಿಲಲ್ಲೇ ಬಿದ್ದಿದ್ದನು. ದಿನವೂ ದಾಟಿದ್ದರಿಂದ ಅವನು ಬಾಗಿಲಿನ ಒಂದು ಭಾಗವಾಗಿಬಿಟ್ಟಿದ್ದನು. ಸತ್ತ ಮೇಲೆ ಆ ಐಶ್ವರ್ಯವಂತನು ಕೇಳಿದ್ದೇನು? ಸತ್ತವನೊಬ್ಬನನ್ನು ತನ್ನ ತಂದೆಯ ಮನೆಗೆ ಕಳುಹಿಸಿ ಸಹೋದರರನ್ನು ಎಚ್ಚರಿಸಬೇಕೆಂದು. ಹೊಸ್ತಿಲಿಗೆ ಹೆಣ ಬಂದರೆ ಮನಸ್ಸು ತಿರುಗೀತೆಂಬ ಈ ಯೋಜನೆಯನ್ನು ಅಬ್ರಹಾಮನು ಒಪ್ಪಲಿಲ್ಲ.

ಆದ್ದರಿಂದ ಅಲ್ಲಿನ ಕುಟುಂಬ ಕೇಳಿದರೆ ಸಭಾಪಾಲಕರು ಕುಂಬಳಕಾಯಿಯನ್ನು ಇಡಲು ಬಿಡಲಿ, ದೀಪವನ್ನು ಹೊತ್ತಿಸಲು ಹೇಳಲಿ, ಅಸ್ಥಿಪಂಜರ ಬೇಕೆಂದರೆ ಮಕ್ಕಳೊಡನೆ ಅದರ ಬಗ್ಗೆ ಮಾತಾಡಲಿ. ಹಗ್ಗದ ಬೊಂಬೆಯನ್ನು ಮಾತ್ರ ಅದೇ ಸಂಜೆ, ಸೂರ್ಯ ಮುಳುಗುವ ಮೊದಲು, ಕೆಳಗಿಳಿಸಲು ಹೇಳಲಿ. ಏಕೆಂದು ಕೇಳಿದರೆ ಮೋಶೆಯ ಆ ಎರಡು ವಚನಗಳನ್ನು ತೆರೆದು ತೋರಿಸಲಿ. ಹುಲ್ಲುಹಾಸಿನ ಹುಸಿ ಗೋರಿಕಲ್ಲುಗಳ ವಿಷಯದಲ್ಲಿ ನಮ್ಮ ತೀರ್ಮಾನ ಅಷ್ಟು ಗಟ್ಟಿಯಾಗಿಲ್ಲ. ಅವುಗಳ ಮೇಲಿನ ಶ್ಲೇಷೆಯ ಹೆಸರುಗಳು ನಮ್ಮಲ್ಲಿ ಕೆಲವರಿಗೆ ನಗು ತಂದಿವೆ. ಆದರೆ ಆ ಬೀದಿಯಲ್ಲಿ ಅದೇ ವರ್ಷ ನಿಜವಾದ ಕಲ್ಲೊಂದನ್ನು ನಿಲ್ಲಿಸಿ ಬಂದ ಮನೆಯಿದ್ದರೆ, ಆ ಮನೆಯ ಕಿಟಕಿಯಿಂದ ಇವು ಕಾಣುತ್ತವೆಯೇ ಎಂದು ಒಮ್ಮೆ ರಸ್ತೆ ದಾಟಿ ಹೋಗಿ ನೋಡಿ ಬರಬೇಕಾಗುತ್ತದೆ.