ಕ್ರೀಡಾಪುಟದ ಪ್ರತಿನಾಯಕ

ಗೆದ್ದವನನ್ನು ಹೊಗಳುವುದು, ಸೋತವನನ್ನು ಮರೆಯುವುದು ಲೋಕರೂಢಿ. ಆದರೆ ಕ್ರೀಡಾಪುಟಗಳನ್ನು ಕೆಲವು ವರ್ಷ ಅವಧಾನವಿಟ್ಟು ಓದಿದವರಿಗೆ ಈ ರೂಢಿಗೆ ವಿರುದ್ಧವಾದ ಸಂಗತಿಯೊಂದು ಗೋಚರವಾಗದಿರದು. ಕೆಲವರು ಗೆದ್ದಷ್ಟೂ ಅವರ ಚಿತ್ರ ಕಪ್ಪಾಗುತ್ತ ಹೋಗುತ್ತದೆ. ಪೋರ್ಚುಗಲ್ ದೇಶದ ಕಾಲ್ಚೆಂಡಾಟದ ತರಬೇತುದಾರ ಜೋಸೆ ಮೊರಿನ್ಯೊ ಇದಕ್ಕೆ ಸ್ಪಷ್ಟವಾದ ನಿದರ್ಶನ. ಯೂರೋಪಿನ ಪತ್ರಿಕೆಗಳು ಈತನನ್ನು ಖಳನನ್ನಾಗಿ ಚಿತ್ರಿಸಿದುದೇಕೆ, ಆ ಚಿತ್ರಣದಲ್ಲಿ ವಸ್ತುಸ್ಥಿತಿಯೆಷ್ಟು, ಕಥನದ ಅಗತ್ಯವೆಷ್ಟು ಎಂಬುದನ್ನು ವಿಚಾರಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ. ಚೆಂಡಾಟಕ್ಕೂ ಸಾಹಿತ್ಯಾಭ್ಯಾಸಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಪಾತ್ರಗಳು ಕಾವ್ಯದಲ್ಲಿ ಹುಟ್ಟುವಂತೆ ದಿನಪತ್ರಿಕೆಯಲ್ಲಿಯೂ ಹುಟ್ಟುತ್ತವೆ. ಅಲ್ಲಿ ಹುಟ್ಟಿದ ಪಾತ್ರ ಜೀವಂತ ಮನುಷ್ಯನೊಬ್ಬನಿಗೆ ಅಂಟಿಕೊಳ್ಳುವುದರಿಂದ ಅದರ ವಿಮರ್ಶೆ ಇನ್ನಷ್ಟು ಅವಶ್ಯಕವೆಂದು ನಮ್ಮ ಭಾವನೆ.

ಮೊದಲು ಸಾಧನೆಯನ್ನು ನೋಡೋಣ. ೧೯೬೩ರಲ್ಲಿ ಸೆತೂಬಲ್ ಪಟ್ಟಣದಲ್ಲಿ ಹುಟ್ಟಿದ ಮೊರಿನ್ಯೊ ಆಟಗಾರನಾಗಿ ಹೆಸರು ಪಡೆದವನಲ್ಲ. ಇಂಗ್ಲೆಂಡಿನ ತರಬೇತುದಾರ ಬಾಬಿ ರಾಬ್ಸನ್ನನಿಗೆ ದುಭಾಷಿಯಾಗಿ ಸೇರಿ, ಅಲ್ಲಿಂದ ಮೇಲಕ್ಕೆ ಬಂದವನು. ೨೦೦೪ರಲ್ಲಿ ಈತನ ಪೋರ್ತೊ ತಂಡ ಯೂರೋಪಿನ ಚಾಂಪಿಯನ್ಸ್ ಲೀಗನ್ನು ಗೆದ್ದಿತು. ಅದೇ ವರ್ಷ ಲಂಡನ್ನಿನ ಚೆಲ್ಸಿ ತಂಡಕ್ಕೆ ಬಂದು, ೨೦೦೪-೦೫ರ ಋತುವಿನಲ್ಲಿ ಆ ತಂಡಕ್ಕೆ ಐವತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ಲೀಗ್ ಪ್ರಶಸ್ತಿಯನ್ನು ದೊರಕಿಸಿಕೊಟ್ಟನು. ೩೮ ಆಟಗಳಲ್ಲಿ ಆ ತಂಡ ಸೋತದ್ದು ಒಂದೇ ಆಟ. ಬಿಟ್ಟುಕೊಟ್ಟ ಗೋಲುಗಳು ೧೫. ಗಳಿಸಿದ ಅಂಕಗಳು ೯೫. ೨೦೧೦ರಲ್ಲಿ ಮಿಲಾನಿನ ಇಂಟರ್ ತಂಡ ಈತನ ಕೈಕೆಳಗೆ ದೇಶದ ಲೀಗು, ದೇಶದ ಕಪ್ಪು, ಚಾಂಪಿಯನ್ಸ್ ಲೀಗು ಈ ಮೂರನ್ನೂ ಒಂದೇ ಋತುವಿನಲ್ಲಿ ಗೆದ್ದಿತು. ಇಟಲಿಯ ತಂಡವೊಂದು ಹೀಗೆ ಗೆದ್ದುದು ಅದೇ ಮೊದಲು. ಇಷ್ಟು ಸಾಧಿಸಿದವನು ನಾಯಕನಾಗಬೇಕಾಗಿತ್ತು, ಪ್ರತಿನಾಯಕನಾದನು.

ಇದರ ಕಾರಣವನ್ನು ಹುಡುಕುವಲ್ಲಿ ಅಲಂಕಾರಶಾಸ್ತ್ರದ ಒಂದು ವಿಚಾರ ನಮಗೆ ನೆರವಾಗುತ್ತದೆ. ದಂಡಿ ‘ಕಾವ್ಯಾದರ್ಶ’ದಲ್ಲಿ ಎರಡು ಕ್ರಮಗಳನ್ನು ಹೇಳುತ್ತಾನೆ. ನಾಯಕನ ಗುಣಗಳನ್ನು ಮೊದಲು ವರ್ಣಿಸಿ, ಅನಂತರ ಅವನಿಂದಾದ ಶತ್ರುನಿರಾಕರಣವನ್ನು ಹೇಳುವುದು ಒಂದು. ಶತ್ರುವಿನದೇ ವಂಶ, ವೀರ್ಯ, ವಿದ್ಯೆಗಳನ್ನು ವರ್ಣಿಸಿ, ಅಂಥವನನ್ನು ಗೆದ್ದುದರಿಂದ ನಾಯಕನ ಉತ್ಕರ್ಷವನ್ನು ತೋರಿಸುವುದು ಇನ್ನೊಂದು. ಈ ಎರಡನೆಯ ಕ್ರಮವೂ ನಮ್ಮನ್ನು ತಣಿಸುತ್ತದೆಂಬುದು ಅವನ ಮತ. ರನ್ನನ ದುರ್ಯೋಧನನನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರತಿನಾಯಕನು ಅಲ್ಪನಾಗಿರಲು ಸಾಧ್ಯವಿಲ್ಲ. ಸೋಲುತ್ತಲೇ ಇರುವ ತರಬೇತುದಾರ ಎಷ್ಟೇ ಉದ್ಧತನಾಗಿರಲಿ, ಹಾಸ್ಯಕ್ಕೋ ಕರುಣೆಗೋ ವಸ್ತುವಾಗಿ ಮರೆಯಾಗುತ್ತಾನೆ. ಆದುದರಿಂದ ಯಶಸ್ಸು ಖಳನ ಸ್ಥಾನಕ್ಕೆ ಬಾಧಕವಾಗುವುದಿರಲಿ, ಆ ಸ್ಥಾನಕ್ಕೆ ಬೇಕಾದ ಮೊದಲ ಅರ್ಹತೆಯೇ ಅದಾಗುತ್ತದೆ.

ಇನ್ನು ಪತ್ರಿಕೆಯ ಅಗತ್ಯವನ್ನು ಗಮನಿಸಬೇಕು. ಲೀಗ್ ಪಂದ್ಯಾವಳಿ ಒಂಬತ್ತು ಹತ್ತು ತಿಂಗಳು ನಡೆಯತಕ್ಕದ್ದು. ಆಟ ನಡೆಯುವುದು ವಾರಕ್ಕೆ ಒಂದೋ ಎರಡೋ ದಿನ. ಪತ್ರಿಕೆಗೆ ಪ್ರತಿದಿನವೂ ಪುಟ ತುಂಬಬೇಕು. ಅಂಕಪಟ್ಟಿಯೊಂದರಿಂದಲೇ ಓದುಗನನ್ನು ಹಿಡಿದಿಡಲಾಗದು. ಅದಕ್ಕೆ ಕಥೆ ಬೇಕು, ಕಥೆಗೆ ವಿರೋಧ ಬೇಕು. ಆಟಗಾರರು ಇಂದು ತಮ್ಮ ಸಂಸ್ಥೆಗಳ ಕಾವಲಿನಲ್ಲಿ ಎಚ್ಚರದಿಂದ ಮಾತನಾಡುವವರು. ಆಟಕ್ಕೆ ಮುಂಚೆಯೂ ಆಟದ ತರುವಾಯವೂ ಪತ್ರಿಕಾಗೋಷ್ಠಿಗೆ ಬಂದು ಕುಳಿತುಕೊಳ್ಳಲೇಬೇಕಾದವನು ತರಬೇತುದಾರ. ಹೀಗಾಗಿ ಹನ್ನೊಂದು ಜನರ ಆಟ ಒಬ್ಬನ ಮುಖವಾಗಿ, ಒಬ್ಬನ ಮಾತಾಗಿ ಓದುಗನಿಗೆ ತಲಪುತ್ತದೆ.

ಆ ಮಾತು ಪತ್ರಿಕೆಯಲ್ಲಿ ಯಾವ ರೂಪಾಂತರವನ್ನು ಹೊಂದುತ್ತದೆಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡಬಹುದು. ೨೦೦೪ರ ಜೂನಿನಲ್ಲಿ ಚೆಲ್ಸಿಯ ಮೊದಲ ಗೋಷ್ಠಿಯಲ್ಲಿ ಮೊರಿನ್ಯೊ, ತಾನು ಯೂರೋಪಿನ ಚಾಂಪಿಯನ್ನನೆಂದೂ ತಾನೊಬ್ಬ ವಿಶೇಷ ವ್ಯಕ್ತಿಯೆಂದು ಭಾವಿಸುವುದಾಗಿಯೂ ಹೇಳಿದನು. ಇಂಗ್ಲಿಷಿನಲ್ಲಿ ಆತ ಬಳಸಿದ್ದು ‘ಒಬ್ಬ’ ಎಂಬರ್ಥದ ಅನಿಶ್ಚಿತ ಉಪಪದ. ಮರುದಿನದಿಂದ ಪತ್ರಿಕೆಗಳಲ್ಲಿ ಅದು ನಿಶ್ಚಿತ ಉಪಪದವಾಗಿ ಬದಲಾಗಿ, ‘ವಿಶೇಷರಲ್ಲಿ ಒಬ್ಬ’ ಎಂಬವನು ‘ವಿಶೇಷನೆಂಬವನು ಇವನೊಬ್ಬನೇ’ ಎಂಬ ಬಿರುದಿಗೆ ಪಾತ್ರನಾದನು. ಮಾತಿನಲ್ಲಿ ಅಹಂಕಾರವಿದ್ದುದು ನಿಜ. ಆ ಅಹಂಕಾರಕ್ಕೆ ಅಳತೆ ಕೊಟ್ಟವರು ವರದಿಗಾರರು. ಎರಡನೆಯದು ಅದೇ ವರ್ಷದ ಸೆಪ್ಟೆಂಬರಿನದು. ಟಾಟನ್‌ಹ್ಯಾಮ್ ತಂಡ ರಕ್ಷಣೆಯೊಂದನ್ನೇ ನೆಚ್ಚಿ ಗೋಲಿಲ್ಲದೆ ಆಟವನ್ನು ಮುಗಿಸಿದಾಗ, ಅವರು ಬಸ್ಸನ್ನು ತಂದು ಗೋಲಿನ ಮುಂದೆ ನಿಲ್ಲಿಸಿದರೆಂದು ಮೊರಿನ್ಯೊ ಹಳಿದನು. ಮುಂದೆ ಅದೇ ಮಾತು ಈತನ ಆಟದ ರೀತಿಗೇ ಹೆಸರಾಗಿ ನಿಂತಿತು. ಯಾರು ಯಾರನ್ನು ಕುರಿತು ಆಡಿದ ಮಾತೆಂಬುದು ಹೆಚ್ಚಿನವರಿಗೆ ನೆನಪಿಲ್ಲ.

ಹಾಗಾದರೆ ಎಲ್ಲವೂ ಪತ್ರಿಕೆಗಳ ಸೃಷ್ಟಿಯೆ? ಹಾಗೆಂದರೆ ಅದೂ ಪಕ್ಷಪಾತವಾದೀತು. ೨೦೦೫ರ ಫೆಬ್ರವರಿಯಲ್ಲಿ ಬಾರ್ಸಿಲೋನದಲ್ಲಿ ಚೆಲ್ಸಿ ಸೋತಾಗ, ಎದುರು ತಂಡದ ತರಬೇತುದಾರ ಮಧ್ಯವಿರಾಮದಲ್ಲಿ ರೆಫರಿಯ ಕೋಣೆಗೆ ಹೋಗಿದ್ದನೆಂಬ ಆರೋಪ ಹೊರಟಿತು. ರೆಫರಿ ಆಂಡೆರ್ಸ್ ಫ್ರಿಸ್ಕ್ ತನಗೂ ತನ್ನ ಕುಟುಂಬಕ್ಕೂ ಬಂದ ಬೆದರಿಕೆಗಳಿಂದ ನೊಂದು ಆ ವೃತ್ತಿಯನ್ನೇ ಬಿಟ್ಟನು. ಯೂರೋಪಿನ ಒಕ್ಕೂಟದ ರೆಫರಿ ಸಮಿತಿಯ ಅಧ್ಯಕ್ಷ ಫೋಲ್ಕರ್ ರೋತ್ ಮೊರಿನ್ಯೊನನ್ನು ಕಾಲ್ಚೆಂಡಾಟದ ಶತ್ರುವೆಂದು ಕರೆದನು. ಒಕ್ಕೂಟ ಎರಡು ಆಟಗಳ ನಿಷೇಧವನ್ನೂ ದಂಡವನ್ನೂ ವಿಧಿಸಿತು. ೨೦೧೧ರ ಆಗಸ್ಟಿನಲ್ಲಿ, ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡದ ತರಬೇತುದಾರನಾಗಿದ್ದಾಗ, ಬಾರ್ಸಿಲೋನದ ಸಹಾಯಕ ತರಬೇತುದಾರ ತೀತೊ ವಿಲಾನೋವನ ಕಣ್ಣಿಗೆ ಬೆರಳಿನಿಂದ ಚುಚ್ಚಿದನು. ಇವು ಯಾವ ವರದಿಗಾರನೂ ಕಲ್ಪಿಸಿದ ದೋಷಗಳಲ್ಲ. ಇವನ್ನು ಖಂಡಿಸದೆ ಬಿಡುವುದು ಸಲ್ಲದು.

ಆದರೆ ದೋಷವೊಂದೇ ಖಳನನ್ನು ಮಾಡುವುದಿಲ್ಲವೆಂಬುದಕ್ಕೆ ಅಲೆಕ್ಸ್ ಫರ್ಗುಸನ್ ಸಾಕ್ಷಿ. ಈತನೂ ರೆಫರಿಗಳನ್ನು ಕಟುವಾಗಿ ನಿಂದಿಸಿ ನಿಷೇಧಕ್ಕೆ ಗುರಿಯಾದವನು. ೨೦೦೪ರಿಂದ ೨೦೧೧ರ ವರೆಗೆ ಬಿಬಿಸಿಯೊಡನೆ ಮಾತನ್ನೇ ಬಿಟ್ಟವನು. ಆದರೂ ಪತ್ರಿಕೆಗಳ ಕಥನದಲ್ಲಿ ಈತ ಕೊನೆಗೆ ಮನೆಯ ಮುಂಗೋಪಿ ಹಿರಿಯನಾಗಿ ನಿಂತನೇ ಹೊರತು ಖಳನಾಗಲಿಲ್ಲ. ೧೯೮೬ರಿಂದ ೨೦೧೩ರ ವರೆಗೆ ಒಂದೇ ತಂಡದಲ್ಲಿದ್ದು ಹದಿಮೂರು ಲೀಗ್ ಪ್ರಶಸ್ತಿಗಳನ್ನು ಗೆದ್ದ ಫರ್ಗುಸನ್ನನಿಗೆ ಒಂದು ಊರಿತ್ತು, ಆ ಊರಿನ ಕಥೆಯಿತ್ತು. ಮೊರಿನ್ಯೊ ಯಾವ ತಂಡದಲ್ಲಿಯೂ ಅವಿಚ್ಛಿನ್ನವಾಗಿ ನಾಲ್ಕು ವರ್ಷ ನಿಂತವನಲ್ಲ. ಹೋದ ದೇಶಗಳಲ್ಲಿ ಹೆಚ್ಚಿನವುಗಳಲ್ಲಿ ಹೊರಗಿನಿಂದ ಬಂದು, ಗೆದ್ದು, ಹೊರಟುಹೋದವನು. ಒಂದೇ ಬಗೆಯ ಒರಟುತನ ನೆಲೆನಿಂತವನಲ್ಲಿ ಸ್ವಭಾವವೆನಿಸಿದರೆ ಬಂದುಹೋಗುವವನಲ್ಲಿ ಅಪರಾಧವೆನಿಸುತ್ತದೆ.

ಪಾತ್ರ ಒಮ್ಮೆ ನಿಶ್ಚಿತವಾದ ಮೇಲೆ ಸಂಗತಿಗಳು ಅದನ್ನು ಕದಲಿಸಲಾರವು. ೨೦೧೦ರ ಏಪ್ರಿಲ್ ೨೮ರಂದು ಬಾರ್ಸಿಲೋನದಲ್ಲಿ ಇಂಟರ್ ತಂಡ ಮೊದಲರ್ಧದಲ್ಲಿಯೇ ಒಬ್ಬನನ್ನು ಕಳೆದುಕೊಂಡು, ಹತ್ತು ಜನರಿಂದ ಕೋಟೆ ಕಾದು, ಆ ಆಟವನ್ನು ಒಂದು ಗೋಲಿನಿಂದ ಸೋತರೂ ಎರಡು ಆಟಗಳ ಒಟ್ಟು ಲೆಕ್ಕದಲ್ಲಿ ೩-೨ರಿಂದ ಗೆದ್ದಿತು. ಮುತ್ತಿಗೆಯನ್ನು ತಡೆದ ಕೋಟೆ ನಮ್ಮ ಕಾವ್ಯಗಳಲ್ಲಿ ವೀರರಸಕ್ಕೆ ಆಲಂಬನ. ಕ್ರೀಡಾಪುಟಗಳಲ್ಲಿ ಹಲವರಿಗೆ ಅದು ಸೌಂದರ್ಯಕ್ಕೆ ಬಂದ ವಿಘ್ನವಾಗಿ ತೋರಿತು. ಎರಡು ವರ್ಷಗಳ ತರುವಾಯ, ೨೦೧೧-೧೨ರಲ್ಲಿ, ಇದೇ ಮೊರಿನ್ಯೊನ ರಿಯಲ್ ಮ್ಯಾಡ್ರಿಡ್ ತಂಡ ಸ್ಪೇನಿನ ಲೀಗಿನಲ್ಲಿ ೧೨೧ ಗೋಲು ಹೊಡೆದು ೧೦೦ ಅಂಕ ಗಳಿಸಿತು. ಅಷ್ಟು ಗೋಲುಗಳನ್ನು ಆ ಲೀಗಿನಲ್ಲಿ ಅದುವರೆಗೆ ಯಾವ ತಂಡವೂ ಹೊಡೆದಿರಲಿಲ್ಲ. ಆದರೂ ಗೋಲಿನ ಮುಂದೆ ಬಸ್ಸು ನಿಲ್ಲಿಸುವವನೆಂಬ ಹೆಸರು ಈತನನ್ನು ಬಿಡಲಿಲ್ಲ.

ಪಾತ್ರವನ್ನು ಹೊತ್ತವನೂ ಇದಕ್ಕೆ ಸಮ್ಮತಿಸಿದ್ದನೆಂಬುದನ್ನು ಒಪ್ಪಬೇಕು. ನಿಂದೆ ತನ್ನ ಮೇಲೆ ಬಿದ್ದರೆ ಆಟಗಾರರು ಪಾರಾಗುತ್ತಾರೆಂಬ ಲೆಕ್ಕಾಚಾರ ಮೊರಿನ್ಯೊನ ಗೋಷ್ಠಿಗಳಲ್ಲಿ ಎದ್ದು ಕಾಣುತ್ತದೆ. ಪತ್ರಿಕೆಗೆ ಖಳ ಬೇಕಾಗಿತ್ತು, ತಂಡಕ್ಕೆ ಗುರಾಣಿ ಬೇಕಾಗಿತ್ತು. ಇಬ್ಬರ ಪ್ರಯೋಜನವೂ ಒಂದೆಡೆ ಕೂಡಿತು. ಈ ವ್ಯಾಪಾರದಲ್ಲಿ ನಷ್ಟವಾದುದು ಓದುಗನಿಗೆ. ಖಳನೆಂದು ಮೊದಲೇ ತಿಳಿದವನ ಕೃತ್ಯಗಳನ್ನು ಯಾರೂ ಬಿಡಿಬಿಡಿಯಾಗಿ ತೂಗುವುದಿಲ್ಲ. ಒಬ್ಬ ರೆಫರಿಯ ಬಾಳಿಗೆ ತಟ್ಟಿದ ಪೆಟ್ಟೂ, ಬಾಯಿಮಾತಿನ ಜಂಬವೂ, ಚೊಕ್ಕವಾದ ರಕ್ಷಣಾಕೌಶಲವೂ ಒಂದೇ ಚೀಲಕ್ಕೆ ಬೀಳುತ್ತವೆ. ಆಗ ಘೋರವಾದ ತಪ್ಪು ‘ಇವನ ಸ್ವಭಾವವೇ ಹೀಗೆ’ ಎಂಬ ಮಾತಿನಲ್ಲಿ ಹಗುರವಾಗುತ್ತದೆ. ನಿಜವಾದ ಗುಣ ಅದೇ ಮಾತಿನಲ್ಲಿ ಕಾಣದಾಗುತ್ತದೆ.

ಪತ್ರಿಕೆಗಳು ಪ್ರತಿನಾಯಕನನ್ನು ಕಲ್ಪಿಸಿದುದಕ್ಕೆ ನಾವು ಆಕ್ಷೇಪಿಸುವುದಿಲ್ಲ. ಕಥೆ ಹೇಳುವವರು ಅದನ್ನು ಎಂದೆಂದಿಗೂ ಮಾಡಿದ್ದಾರೆ. ದಂಡಿ ಹೇಳಿದ ಕ್ರಮದಲ್ಲಿ ಅರ್ಧವನ್ನು ಮಾತ್ರ ಅವು ಪಾಲಿಸಿದುವೆಂಬುದೇ ನಮ್ಮ ಆಕ್ಷೇಪ: ಶತ್ರುವಿನ ವೀರ್ಯವನ್ನು ಕಥೆಯ ಬಿಗುವಿಗಾಗಿ ಎತ್ತಿಕೊಂಡುವು, ಅವನ ವಿದ್ಯೆಯನ್ನು ವರ್ಣಿಸದೆ ಬಿಟ್ಟುವು. ರನ್ನನು ದುರ್ಯೋಧನನ ತಪ್ಪುಗಳನ್ನು ಮರೆಮಾಚಲಿಲ್ಲ. ಅವನ ಛಲವನ್ನೂ ಸ್ನೇಹವನ್ನೂ ದುಃಖವನ್ನೂ ಮರೆಮಾಚಲಿಲ್ಲ. ಕ್ರೀಡಾಪುಟದಿಂದ ಮಹಾಕಾವ್ಯವನ್ನು ನಿರೀಕ್ಷಿಸುವುದು ಅನುಚಿತ. ಆದರೆ ಅದನ್ನು ಓದುವ ನಮ್ಮ ವಿದ್ಯಾರ್ಥಿಗಳು, ಒಬ್ಬನನ್ನು ಖಳನೆಂದು ನಂಬುವ ಮುನ್ನ, ಮಾಡಿದ್ದೇನು, ಆಡಿದ್ದೇನು, ಆಡಿಸಿದ್ದೇನು ಎಂಬ ಮೂರನ್ನೂ ಬೇರೆಬೇರೆಯಾಗಿ ಕೇಳಿಕೊಳ್ಳುವುದು ಅನುಚಿತವಲ್ಲ.