ಬೆಸುಗೆಯ ಚಾಪದ ಅತಿನೇರಳೆ ಬೆಳಕು: ಅಳತೆಯ ಕ್ರಮವನ್ನು ಕುರಿತು ಒಂದು ವಿಮರ್ಶೆ

ವಾಯುಮಂಡಲದ ಒತ್ತಡದಲ್ಲಿ ಉರಿಯುವ ಪ್ಲಾಸ್ಮಾ ಎಂದೊಡನೆ ಪ್ರಯೋಗಶಾಲೆಯ ಉಪಕರಣವೇ ನೆನಪಿಗೆ ಬರುವುದು ಸಹಜ. ಆದರೆ ಮಲ್ಪೆಯಲ್ಲಿ ಉಕ್ಕಿನ ದೋಣಿಯ ಒಡಲನ್ನು ಬೆಸೆಯುವೆಡೆ ಅದೇ ಪ್ಲಾಸ್ಮಾ ತೆರೆದ ಗಾಳಿಯಲ್ಲಿ ಉರಿಯುತ್ತದೆ. ಬೆಸುಗೆಯ ವಿದ್ಯುಚ್ಚಾಪವೆಂದರೆ ಅದೇ. ಕೈಮಾಪಕವು ತೋರುವ ಒಂದೇ ಅಂಕಿಯನ್ನು ಅದರ ಅತಿನೇರಳೆ ಬೆಳಕಿನ ಪ್ರಮಾಣವೆಂದು ಬರೆದಿಡುವ ರೂಢಿಯನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ನಮ್ಮ ಮೊದಲನೆಯ ಆಕ್ಷೇಪವಿದು. ಇಂತಹ ಮಾಪಕಗಳನ್ನು ಸಾಮಾನ್ಯವಾಗಿ ಪಾದರಸ ದೀಪದ 254 ಅಥವಾ 365 ನ್ಯಾನೋಮೀಟರ್ ರೇಖೆಗೆ ಹೊಂದಿಸಿರುತ್ತಾರೆ. ಉಕ್ಕಿನ ಚಾಪದಲ್ಲಾದರೋ ಕಬ್ಬಿಣದ ರೇಖೆಗಳು 200ರಿಂದ 400 ನ್ಯಾನೋಮೀಟರ್‌ವರೆಗೆ ಒತ್ತೊತ್ತಾಗಿ ತುಂಬಿವೆ. ಒಂದು ರೇಖೆಗೆ ಹೊಂದಿಸಿದ ಮಾಪಕವು ಈ ಸಮುದಾಯಕ್ಕೆ ಕೊಡುವ ಉತ್ತರವನ್ನು ಹಾಗೆಯೇ ನಂಬಲಾಗದು. ಮೇಲಾಗಿ, ಚಾಪದ ಪ್ರಖರವಾದ ದೃಶ್ಯ ಬೆಳಕು ಶೋಧಕದೊಳಗೆ ನುಸುಳಿ ಅಂಕಿಯನ್ನು ಹೆಚ್ಚಿಸಬಹುದು.

ಎರಡನೆಯದು ಇನ್ನೂ ಗುರುತರವಾದುದು. ಕಣ್ಣಿಗೆ ಎಲ್ಲ ತರಂಗಾಂತರಗಳೂ ಸಮಾನವಲ್ಲ. ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಅಪಾಯವು 270 ನ್ಯಾನೋಮೀಟರ್‌ನಲ್ಲಿ ಪರಮಾವಧಿ. 365ರಲ್ಲಿ ಅದರ ಸುಮಾರು ಒಂಬತ್ತು ಸಾವಿರದಲ್ಲಿ ಒಂದು ಪಾಲು. ಈ ತೂಕವನ್ನು ಲೆಕ್ಕಕ್ಕೆ ಹಿಡಿದು, 8 ಗಂಟೆಗಳ ದಿನವೊಂದಕ್ಕೆ ಚದರ ಮೀಟರಿಗೆ 30 ಜೂಲ್ ಎಂಬ ಮಿತಿಯನ್ನು ಹಾಕಿದೆ. ತೂಕವಿಟ್ಟ ತೀವ್ರತೆ ಚದರ ಮೀಟರಿಗೆ 1 ವಾಟ್ ಇರುವಲ್ಲಿ ಈ ಮಿತಿ 30 ಸೆಕೆಂಡಿನಲ್ಲಿ ಮುಗಿಯುತ್ತದೆ. ಮಾಪಕವು ಹತ್ತು ಪಾಲು ಕಡಮೆ ತೋರಿದರೆ ಕೆಲಸಗಾರನಿಗೆ 5 ನಿಮಿಷ ಇದೆಯೆಂದು ನಾವು ಹೇಳಿದಂತಾಯಿತು.

ಸಮೀಪದ ಮಣಿಪಾಲದಲ್ಲಿ ಒಳ್ಳೆಯ ಮೇಲ್ಪಂಕ್ತಿಯಿದೆ. ಅಲ್ಲಿಯ ವಿ. ಬಿ. ಕರ್ತಾ, ಸಿ. ಸಂತೋಷ್ ಮೊದಲಾದವರು 2010ರಲ್ಲಿ 'ಪ್ರಮಾಣ' ಪತ್ರಿಕೆಯಲ್ಲಿ, ಲೇಸರಿನಿಂದ ಗಾಳಿಯಲ್ಲಿ ಹುಟ್ಟಿಸಿದ ತಾಮ್ರದ ಪ್ಲಾಸ್ಮಾವನ್ನು ರೇಖೆರೇಖೆಯಾಗಿ, ಕಾಲಕ್ರಮದಲ್ಲಿ ವಿಂಗಡಿಸಿ ಪರೀಕ್ಷಿಸಿದರು. ಈ ಶಿಸ್ತು ಅನುಕರಣೀಯ. ಆದರೆ ಅವರ ಗುರಿ ಉಷ್ಣತೆ ಮತ್ತು ಎಲೆಕ್ಟ್ರಾನ್ ಸಾಂದ್ರತೆ. ಇವೆರಡಕ್ಕೂ ರೇಖೆಗಳ ಸಾಪೇಕ್ಷ ತೀವ್ರತೆ ಸಾಕು. ಕಣ್ಣಿನ ರಕ್ಷಣೆಗೆ ನಿರಪೇಕ್ಷ ಪ್ರಮಾಣವೇ ಬೇಕು. ಇದು ಆ ಲೇಖನದ ದೋಷವಲ್ಲ. ಒಂದು ಉದ್ದೇಶದ ವಿಧಾನವನ್ನು ಇನ್ನೊಂದಕ್ಕೆ ಹಾಗೆಯೇ ಎರವಲು ತರಬಾರದೆಂಬುದಷ್ಟೇ ನಮ್ಮ ಅಭಿಪ್ರಾಯ.

ಆದುದರಿಂದ ಅಳತೆಗೆ ಜೋಡಿ ಜಾಲಕದ ರೋಹಿತಮಾಪಕ, ಕ್ವಾರ್ಟ್ಜ್ ಮಸೂರ, ಡ್ಯೂಟೀರಿಯಂ ದೀಪದಿಂದ ಪ್ರಮಾಣೀಕರಣ ಇವು ಅವಶ್ಯಕ. ಸಾಮಾನ್ಯ ಗಾಜು 300 ನ್ಯಾನೋಮೀಟರ್‌ಗಿಂತ ಕೆಳಗಿನ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಚಾಪದ ವಿದ್ಯುತ್ಪ್ರವಾಹ, ದೂರ, ಕೋನಗಳನ್ನು ನಮೂದಿಸದ ಅಂಕಿ ಅಪೂರ್ಣವೇ ಸರಿ. ದೂರ ಇಮ್ಮಡಿಸಿದರೆ ತೀವ್ರತೆ ಸರಿಸುಮಾರು ಕಾಲುಭಾಗಕ್ಕೆ ಇಳಿಯುವುದಷ್ಟೆ.

ಬೆಸುಗೆಗಾರನ ಮುಖಕ್ಕೆ ಕವಚವಿರುತ್ತದೆ. ತಗಡು ಹಿಡಿದು ನಿಂತ ಸಹಾಯಕನಿಗೆ ಎಷ್ಟೋ ವೇಳೆ ಇರದು. ಹಗಲು ಅವನಿಗೆ ಏನೂ ತಿಳಿಯುವುದಿಲ್ಲ. ಹಲವು ಗಂಟೆಗಳ ತರುವಾಯ, ಮನೆಯಲ್ಲಿ ಮಲಗಿದಾಗ, ಕಣ್ಣಿಗೆ ಮರಳು ಬಿದ್ದಂತೆ ಉರಿ ಹುಟ್ಟುತ್ತದೆ. ನಾವು ಬರೆಯುವ ಅಂಕಿಯನ್ನು ನೆಚ್ಚಿ ನಿಲ್ಲುವವನು ಅವನು. ಅಳತೆಯ ಪ್ರಾಮಾಣಿಕತೆ ಕೇವಲ ಶಾಸ್ತ್ರದ ಪ್ರಶ್ನೆಯಲ್ಲವೆಂಬುದನ್ನು ಓದುಗರು ಒಪ್ಪುವರೆಂದು ನಂಬುತ್ತೇವೆ.