ಪಾಠದ ನಾಯಕ ಯಾರು? – ಹಾರ್ವರ್ಡಿನ ಒಂದು ವಿದ್ಯಾರ್ಥಿಸಂಘವನ್ನು ಕುರಿತು

ವಿದ್ಯಾರ್ಥಿಸಂಘಗಳ ಸಾಧನೆಯನ್ನು ಅವುಗಳ ಸದಸ್ಯರು ಪಡೆದ ಉದ್ಯೋಗಗಳಿಂದ ಅಳೆಯುವುದು ವಾಡಿಕೆ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಫ್ರಿಕನ್-ಅಮೆರಿಕನ್ ವಿದ್ಯಾರ್ಥಿಸಂಘದ ವಿಷಯದಲ್ಲಿ ಈ ಅಳತೆಗೋಲು ಸಾಲದೆಂಬುದು ನಮ್ಮ ಮತ. ಆ ಸಂಘವು ತರಗತಿಯ ಬಾಗಿಲನ್ನು ತೆರೆಯಿಸಿತು. ಒಳಗಣ ಪಾಠವು ಅದರಿಂದ ಎಷ್ಟು ಬದಲಾಯಿತು ಎಂಬುದು ಮುಖ್ಯವಾದ ಪ್ರಶ್ನೆ.

ಸಂಘವು ಹುಟ್ಟಿದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗರು ಹತರಾದ ವರ್ಷ. ಕ್ಲಿಫರ್ಡ್ ಡಾರ್ಡನ್, ಥಿಯೊಡೋರ್ ಲೂಯಿಸ್, ಲಿಲಿಯನ್ ಲಿಂಕನ್, ಜಾರ್ಜ್ ಪ್ರೈಸ್, ರಾಯ್ ವಿಲ್ಲಿಸ್ ಎಂಬ ಐವರು ಅದರ ಸ್ಥಾಪಕರು. ನೂರಾರು ಮಂದಿಯ ತರಗತಿಯಲ್ಲಿ ಕಪ್ಪು ಜನಾಂಗದವರು ಆಗ ಬೆರಳೆಣಿಕೆಯಷ್ಟು. ಈ ಐವರು ಡೀನ್ ಜಾರ್ಜ್ ಬೇಕರರ ಮನವೊಲಿಸಿ, ಅರ್ಹರನ್ನು ಅರಸಿ ಕರೆತರುವ ಹೊಣೆಯನ್ನು ತಾವೂ ಹೊತ್ತರು. ಮರುವರ್ಷದ ತಂಡದಲ್ಲಿ 27 ಮಂದಿ ಸೇರಿದರು. ಲಿಂಕನ್ನರಿಗೆ ಹಾರ್ವರ್ಡಿನ ದಾರಿ ತೋರಿದವರು ಹವರ್ಡ್ ವಿಶ್ವವಿದ್ಯಾನಿಲಯದ ಅಧ್ಯಾಪಕ ನೇಲರ್ ಫಿಟ್ಸ್‌ಹ್ಯೂ. ಅವರು 1933ರಲ್ಲಿಯೇ ಹಾರ್ವರ್ಡಿನ ಇದೇ ಪದವಿಯನ್ನು ಪಡೆದಿದ್ದರು. ಸಂಘದ ವಾರ್ಷಿಕ ಸಮ್ಮೇಳನಕ್ಕೆ ಅವರ ಹೆಸರನ್ನೇ ಇಟ್ಟಿರುವುದು ಉಚಿತವಾಗಿದೆ.

ಇನ್ನು ಪಾಠದ ಮಾತು. ಈ ಶಾಲೆಯ ಬೋಧನೆಗೆ ‘ಕೇಸ್’ ಪದ್ಧತಿಯೇ ಜೀವಾಳ. ಕೇಸ್ ಎಂಬುದು ಒಂದು ಬಗೆಯ ಕಥನ. ಅಲ್ಲಿ ಒಬ್ಬ ನಾಯಕನಿರುತ್ತಾನೆ, ಅವನಿಗೊಂದು ಬಿಕ್ಕಟ್ಟು ಒದಗುತ್ತದೆ. ತೀರ್ಮಾನದ ಗಳಿಗೆಗೆ ಕಥೆ ನಿಲ್ಲುತ್ತದೆ. ಮುಂದಿನದನ್ನು ವಿದ್ಯಾರ್ಥಿಯು ನಾಯಕನ ಸ್ಥಾನದಲ್ಲಿ ನಿಂತು ನಿರ್ಧರಿಸಬೇಕು. ಹೀಗಿರಲು ನಾಯಕ ಯಾರೆಂಬುದು ಗೌಣವಾದ ಸಂಗತಿಯಲ್ಲ. 2012ರಿಂದ 2019ರವರೆಗೆ ಅಲ್ಲಿ ಬೋಧಿಸಿದ ಸ್ಟೀವನ್ ರೋಜರ್ಸರು, ಶಾಲೆಯ ಸಾವಿರಾರು ಕೇಸುಗಳಲ್ಲಿ ಕಪ್ಪು ಜನಾಂಗದ ನಾಯಕರಿರುವವು ನೂರಕ್ಕೆ ಒಂದೂ ಇಲ್ಲವೆಂದು ತೋರಿಸಿದರು. ಆ ಕೊರತೆಯನ್ನು ತುಂಬಲು ತಾವೇ ಕೇಸುಗಳನ್ನು ಬರೆದು ಪ್ರತ್ಯೇಕ ಪಠ್ಯಕ್ರಮವನ್ನು ರೂಪಿಸಿದರು. ಸಂಘವು ಹುಟ್ಟಿ ಆಗಲೇ ಅರ್ಧ ಶತಮಾನವಾಗುತ್ತಿತ್ತು.

ಲಾಭನಷ್ಟದ ಲೆಕ್ಕಕ್ಕೆ ಮೈಬಣ್ಣವೆಲ್ಲಿಯದು ಎಂದು ಕೇಳುವವರುಂಟು. ಆಕ್ಷೇಪವು ಮೇಲ್ನೋಟಕ್ಕೆ ಸಮಂಜಸವೇ. ಆದರೆ ಸಾಲ ಕೊಡುವ ಬ್ಯಾಂಕು, ಗುತ್ತಿಗೆ ನೀಡುವ ಕಂಪನಿ ಇವು ಮೈಬಣ್ಣವನ್ನು ಕಾಣುವ ಸಮಾಜದಲ್ಲಿ ಅದು ವ್ಯವಹಾರದ ಸಮಸ್ಯೆಯ ಒಂದು ಅಂಗವೇ ಆಗುತ್ತದೆ. 1969ರಲ್ಲಿ ಆ ಶಾಲೆಯ ಎಂ.ಬಿ.ಎ. ಪದವಿಯನ್ನು ಪಡೆದ ಮೊದಲ ಕಪ್ಪು ಮಹಿಳೆ ಈ ಲಿಂಕನ್ನರೇ. ಹರೆಯದಲ್ಲಿ ಮನೆಗೆಲಸ ಮಾಡಿ ಜೀವಿಸಿದ್ದ ಅವರು 1976ರಲ್ಲಿ ಕಟ್ಟಡಗಳನ್ನು ಶುಚಿಗೊಳಿಸುವ ಉದ್ಯಮವನ್ನು ಆರಂಭಿಸಿ, ಸಾವಿರಕ್ಕೂ ಮಿಕ್ಕ ನೌಕರರ ಸಂಸ್ಥೆಯನ್ನಾಗಿ ಬೆಳೆಸಿದರು. ಇಂತಹ ನಾಯಕಿಯ ನಿರ್ಧಾರಗಳನ್ನು ಓದುವುದರಿಂದ ಬಿಳಿಯ ವಿದ್ಯಾರ್ಥಿಗೂ ಲಾಭವಿದೆ. ತಾನು ಎಂದೂ ಎದುರಿಸದ ಅಡ್ಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಅವನು ಕಲಿಯುತ್ತಾನೆ.

ಹಾಗೆಂದು ಸಂಘವನ್ನು ದೂಷಿಸುವುದು ನ್ಯಾಯವಾಗದು. ಅದರ ಸದಸ್ಯರು ಎರಡು ವರ್ಷಗಳಲ್ಲಿ ಶಾಲೆಯನ್ನು ಬಿಟ್ಟು ಹೋಗುವವರು. ಪಠ್ಯವನ್ನು ಬರೆಯುವವರು ಅಲ್ಲಿಯೇ ಉಳಿಯುವ ಅಧ್ಯಾಪಕರು. 2020ರಲ್ಲಿ ಶಾಲೆಯು ಪ್ರಕಟಿಸಿದ ಸುಧಾರಣಾ ಯೋಜನೆಯಲ್ಲಿ ಕಪ್ಪು ನಾಯಕರಿರುವ ಕೇಸುಗಳನ್ನು ಹೆಚ್ಚಿಸುವ ಸಂಕಲ್ಪವೂ ಸೇರಿತು. ವಿದ್ಯಾರ್ಥಿಗಳು ಒಂದೇ ವರ್ಷದಲ್ಲಿ ತಮ್ಮ ಪಾಲಿನ ಕೆಲಸವನ್ನು ಮಾಡಿ ತೋರಿಸಿದ್ದರು. ಅಧ್ಯಾಪಕವರ್ಗವು ತನ್ನ ಪಾಲನ್ನು ಕೈಗೆತ್ತಿಕೊಳ್ಳಲು ಐವತ್ತೆರಡು ವರ್ಷಗಳು ಬೇಕಾದವು. ಪಾಠ ಹೇಳುವ ನಾವೆಲ್ಲರೂ ಮನಸ್ಸಿನಲ್ಲಿಡಬೇಕಾದ ವ್ಯತ್ಯಾಸವಿದು.